ನೆರೆ ಇಳಿದ ಮೇಲೆ ಹೂಳು ತೆಗೆಯುವುದು ಹೇಗೆ: ಟ್ರ್ಯಾಕ್ಟರ್ ಬ್ಲೇಡ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಭೀಮಾ ತುಂಬಿದಾಗ ಎಲ್ಲರ ಗಮನ ನೀರಿನ ಮೇಲೆ. ಉಜನಿ ಡ್ಯಾಮಿನಿಂದ ಎಷ್ಟು ಬಿಟ್ಟರು, ಸೊನ್ನ ಬ್ಯಾರೇಜ್ ದಾಟಿ ಎಷ್ಟು ಬಂತು, ಘತ್ತರಗಿ ಸೇತುವೆ ಮುಳುಗಿತಾ ಅಂತ ಫೋನ್ ಮೇಲೆ ಫೋನ್. ನೀರು ಇಳಿದ ಮೇಲೆ ಉಳಿಯುವುದು ಹೂಳು. ಅಂಗಳದಲ್ಲಿ ಗೇಣುದ್ದ, ದನದ ಕೊಟ್ಟಿಗೆಯಲ್ಲಿ ಮೊಣಕಾಲುದ್ದ, ಹೊಲದಲ್ಲಿ ತೊಗರಿ ಗಿಡದ ಬುಡ ಮುಚ್ಚುವಷ್ಟು. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ, ಶಹಾಪುರ ಕಡೆಯ ನದಿ ದಂಡೆಯ ಊರುಗಳು ಇದನ್ನೇ ಕಂಡವು. ಭೀಮಾ ಒಂದೇ ಅಲ್ಲ, ಕಾಗಿಣಾ, ಬೆಣ್ಣೆತೊರಾ, ಅಮರ್ಜಾ ಉಕ್ಕಿದರೂ ಇದೇ ಪಾಡು.

ಇಷ್ಟೊಂದು ಹೂಳನ್ನು ಸಲಿಕೆ ಹಿಡಿದು ತೆಗೆದರೆ ಮನೆಮಂದಿಯೆಲ್ಲ ವಾರಗಟ್ಟಲೆ ದುಡಿಯಬೇಕು. ಆ ದಿನಗಳಲ್ಲಿ ಜೆಸಿಬಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಊರಲ್ಲಿ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. 35ರಿಂದ 50 ಎಚ್‌ಪಿ ಟ್ರ್ಯಾಕ್ಟರ್, ಹಿಂದೆ ಮೂರು ಪಾಯಿಂಟಿಗೆ (ಕೆಳಗಿನ ಎರಡು ಲಿಂಕ್, ಮೇಲಿನ ಒಂದು ಟಾಪ್ ಲಿಂಕ್) ಕಟ್ಟುವ ಆರೇಳು ಅಡಿಯ ಬ್ಲೇಡ್, ಜೊತೆಗೆ ತಾಳ್ಮೆ ಇರುವ ಡ್ರೈವರ್. ಇಷ್ಟಿದ್ದರೆ ಬಹುಪಾಲು ಅಂಗಳಗಳ ಕೆಲಸ ಆಗುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಎಟಿವಿ ಎನ್ನುವ ನಾಲ್ಕು ಗಾಲಿಯ ಸಣ್ಣ ಗಾಡಿಗೆ ಬ್ಲೇಡ್ ಕಟ್ಟಿ ಮನೆ ಮುಂದಿನ ಹಿಮ ತಳ್ಳುತ್ತಾರೆ. ಅಲ್ಲಿನವರು ಪಾಲಿಸುವ ಪದ್ಧತಿಯೇ ಇಲ್ಲಿಗೂ ಹೊಂದುತ್ತದೆ: ಎಲ್ಲಿ ಹಾಕಬೇಕೆಂದು ಮೊದಲು ನಿರ್ಧರಿಸುವುದು, ತೆಳುವಾಗಿ ತೆಗೆಯುವುದು, ಗುಡ್ಡೆಯನ್ನು ಆದಷ್ಟು ದೂರ ಒಯ್ಯುವುದು. ಬೇರೆಯಾಗುವುದು ತೂಕದಲ್ಲಿ. ಆಗಷ್ಟೇ ಬಿದ್ದ ಹಿಮ ಘನ ಮೀಟರಿಗೆ 100 ಕೆಜಿ ಆಸುಪಾಸು ಇದ್ದರೆ, ಹಸಿ ಹೂಳು 1,700ರಿಂದ 1,800 ಕೆಜಿ ತೂಗುತ್ತದೆ. ಹಾಗಾಗಿ ನಮ್ಮ ಕೆಲಸದಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ಟ್ರ್ಯಾಕ್ಟರ್ ಒಳಗೆ ತರುವ ಮೊದಲು

ಮೊದಲು ಕರೆಂಟ್. ಮೀಟರ್ ಹತ್ತಿರದ ಮೇನ್ ಸ್ವಿಚ್ ಆಫ್ ಆಗಿರಬೇಕು. ಅಂಗಳದಲ್ಲಿ ತಂತಿ ಬಿದ್ದಿದ್ದರೆ, ಕಂಬ ವಾಲಿದ್ದರೆ ಜೆಸ್ಕಾಂ ಲೈನ್‌ಮ್ಯಾನ್ ಬಂದು ನೋಡುವವರೆಗೆ ಹತ್ತಿರವೂ ಹೋಗಬೇಡಿ. ಪಂಪ್‌ಸೆಟ್ಟಿನ ಸರ್ವಿಸ್ ವೈರ್ ಹೂಳಿನಡಿ ಮುಚ್ಚಿಹೋಗಿರಬಹುದು. ಅದು ಬ್ಲೇಡಿಗೆ ಸಿಕ್ಕರೆ ಕಷ್ಟ.

ಎರಡನೆಯದು ಗೋಡೆ. ನಮ್ಮ ಕಡೆಯ ಹಳೆ ಮನೆಗಳ ಗೋಡೆ ಕಲ್ಲಿನದಾದರೂ ನಡುವೆ ಮಣ್ಣಿನ ಗಾರೆ ಇರುತ್ತದೆ. ನೀರಲ್ಲಿ ನಿಂತಾಗ ಬೀಳದ ಗೋಡೆ, ನೀರು ಇಳಿದ ಮೂರು ನಾಲ್ಕು ದಿನದ ಮೇಲೆ ಬೀಳುವುದುಂಟು. ಗೋಡೆ ಹೊಟ್ಟೆ ಬಿಟ್ಟಿದೆಯಾ, ಮೂಲೆಯಲ್ಲಿ ಹೊಸ ಬಿರುಕು ಇದೆಯಾ ನೋಡಿ. ಅನುಮಾನ ಬಂದರೆ ಆ ಗೋಡೆಯಿಂದ ಅದರ ಎತ್ತರದಷ್ಟು ದೂರ ಟ್ರ್ಯಾಕ್ಟರ್ ಒಯ್ಯಬೇಡಿ. ಎಂಜಿನ್ನಿನ ನಡುಕವೇ ಸಾಕು.

ಮೂರನೆಯದು ಕಾಗದಪತ್ರ. ಹೂಳು ತೆಗೆದ ಮೇಲೆ ನಷ್ಟ ತೋರಿಸಲು ಏನೂ ಉಳಿಯುವುದಿಲ್ಲ ಅಲ್ವಾ? ಅದಕ್ಕೇ ಮೊದಲು ಫೋಟೋ ತೆಗೆಯಿರಿ. ಹೂಳಿನಲ್ಲಿ ಒಂದು ಸ್ಕೇಲ್ ಅಥವಾ ಟೇಪ್ ನಿಲ್ಲಿಸಿ, ಇಂಚು ಓದುವಂತೆ ಹತ್ತಿರದಿಂದ ಒಂದು, ಮನೆ ಇಲ್ಲವೇ ಹೊಲದ ಗುರುತು ಕಾಣುವಂತೆ ದೂರದಿಂದ ಒಂದು. ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡುವವರೆಗೆ ಹೊಲದ ಹೂಳು ಮುಟ್ಟಬೇಡಿ. ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ 2022ರಲ್ಲಿ ಬಂದ ನಿಯಮಗಳಲ್ಲಿ, ಹೊಲದಲ್ಲಿ 3 ಇಂಚಿಗಿಂತ ಜಾಸ್ತಿ ಹೂಳು ಅಥವಾ ಮರಳು ನಿಂತಿದ್ದರೆ ಅದನ್ನು ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ ನೆರವು ಇಟ್ಟಿದ್ದರು. 2 ಹೆಕ್ಟೇರ್‌ವರೆಗೆ ಜಮೀನು ಇರುವ ರೈತರಿಗೆ ಇದು ಅನ್ವಯಿಸುತ್ತಿತ್ತು, ಅಧಿಕಾರಿ ದೃಢೀಕರಿಸಿರಬೇಕಿತ್ತು. ಈಗಿನ ದರ ಎಷ್ಟೆಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಆ 3 ಇಂಚಿನ ಲೆಕ್ಕಕ್ಕೇ ಟೇಪ್ ಕಾಣುವ ಫೋಟೋ ಬೇಕಾಗುವುದು.

ಇನ್ನು ಹಾವು. ಕೊಳಕುಮಂಡಲ, ಕಟ್ಟುಹಾವು ಎತ್ತರದ ಒಣ ಜಾಗ ಹುಡುಕಿಕೊಂಡು ಕಟ್ಟಿಗೆ ರಾಶಿ, ಮೇವಿನ ಬಣವೆ, ಕಲ್ಲಿನ ಸಂದು ಸೇರಿರುತ್ತವೆ. ಮೊಣಕಾಲು ಮಟ್ಟದ ಗಮ್‌ಬೂಟ್ ಹಾಕಿ, ಉದ್ದ ಕೋಲಿನಿಂದ ಬಡಿದು, ಆಮೇಲೆ ಕೈ ಹಾಕಿ. ಗಮ್‌ಬೂಟ್ ಬೇಕಾಗಿರುವುದು ಹಾವಿಗಷ್ಟೇ ಅಲ್ಲ. ಇಲಿ ಮೂತ್ರ ಸೇರಿದ ರಾಡಿಯಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರ ಬರಬಹುದು.

ಗುರುತು ಹಾಕುವುದು

ಹೂಳಿನಡಿ ಏನಿದೆ ಅಂತ ಟ್ರ್ಯಾಕ್ಟರ್ ಡ್ರೈವರಿಗೆ ಗೊತ್ತಿರುವುದಿಲ್ಲ. ಮನೆಯವರಿಗೆ ಗೊತ್ತು. ಅದರಲ್ಲೂ ಮನೆಯ ಹಿರಿಯರಿಗೆ ಜಾಸ್ತಿ ಗೊತ್ತು. ಅವರನ್ನು ಒಂದು ಕುರ್ಚಿ ಹಾಕಿ ಕಟ್ಟೆ ಮೇಲೆ ಕೂರಿಸಿ, ಒಂದೊಂದೇ ಕೇಳಿ. ಶೌಚಾಲಯದ ಗುಂಡಿ ಎಲ್ಲಿ, ನಳದ ಪೈಪು ಯಾವ ಕಡೆಯಿಂದ ಬಂದಿದೆ, ದನ ಕಟ್ಟುವ ಗೂಟ ಎಲ್ಲೆಲ್ಲಿವೆ, ಚರಂಡಿ ಮುಚ್ಚಿದ ಕಲ್ಲು ಎಲ್ಲಿವೆ. ಪ್ರತಿಯೊಂದರ ಪಕ್ಕ ಆಳೆತ್ತರದ ಕೋಲು ನೆಟ್ಟು ತುದಿಗೆ ಬಣ್ಣದ ಬಟ್ಟೆ ಕಟ್ಟಿ. ಗಿಡ್ಡ ಕೋಲಾದರೆ ಡ್ರೈವರ್ ಹಿಂದೆ ತಿರುಗಿ ನೋಡಿದಾಗ ಬ್ಲೇಡಿನ ಮರೆಗೆ ಹೋಗುತ್ತದೆ.

ಹಗೇವಿನ ಬಗ್ಗೆ ಬಿಡಿಸಿ ಹೇಳಬೇಕು. ಹಿಂದೆ ಜೋಳ ತುಂಬಿಡುತ್ತಿದ್ದ ಈ ನೆಲದ ಕಣಜಗಳು ಎಷ್ಟೋ ಮನೆಗಳ ಮುಂದೆ ಇನ್ನೂ ಇವೆ. ಕೆಲವನ್ನು ಅರ್ಧಂಬರ್ಧ ಮುಚ್ಚಿರುತ್ತಾರೆ, ಕೆಲವಕ್ಕೆ ಬಾಯಿಗೆ ಕಲ್ಲು ಎಳೆದಿರುತ್ತಾರೆ. ನೆರೆ ನೀರು ಒಳಗಿಳಿದರೆ ಮಣ್ಣು ಕುಸಿದು ಮೇಲೆ ಬರೀ ಹೂಳಿನ ಹೊದಿಕೆ ಉಳಿಯುತ್ತದೆ. ಎರಡು ಟನ್ ಟ್ರ್ಯಾಕ್ಟರಿನ ಹಿಂದಿನ ಗಾಲಿ ಅಲ್ಲಿ ಇಳಿದರೆ ಗಾಡಿ ಪಕ್ಕಕ್ಕೆ ಮಗುಚುತ್ತದೆ. "ಏ ತಮ್ಮಾ, ಆ ಬೇವಿನ ಗಿಡದ ಬಾಜೂಕ ಹಗೇವದ, ಗಾಲಿ ಒಯ್ಬ್ಯಾಡ" ಅಂತ ಅಜ್ಜ ಕೂಗಿದರೆ ಮತ್ತೆ ಎರಡನೇ ಮಾತಿಲ್ಲ. ಸುತ್ತ ಹತ್ತಡಿ ಬಿಟ್ಟು ಹಗ್ಗ ಕಟ್ಟಿ. ಆ ಜಾಗ ಸಲಿಕೆಯಲ್ಲೇ ಆಗಲಿ. ಕಬ್ಬಿಣದ ಸಲಾಕೆಯಿಂದ ಮೂರು ಮೂರು ಅಡಿಗೆ ಚುಚ್ಚಿ ನೋಡಿದರೆ ಪೊಳ್ಳು ಜಾಗ ಕೈಗೆ ಗೊತ್ತಾಗುತ್ತದೆ.

ಹೂಳು ಎಲ್ಲಿ ಹಾಕುವುದು

ನನ್ನ ಪ್ರಕಾರ ಈ ಕೆಲಸದ ಅರ್ಧ ಇದೇ. ಬ್ಲೇಡ್ ಇಳಿಸುವ ಮೊದಲೇ ಇದು ತೀರ್ಮಾನ ಆಗಿರಬೇಕು. ಸುಮ್ನೆ ಒಂದು ಬದಿಗೆ ತಳ್ಳಿಟ್ಟರೆ ಅದೇ ಹೂಳನ್ನು ಎರಡು ಸಲ, ಮೂರು ಸಲ ಸರಿಸಬೇಕಾಗುತ್ತದೆ. ಡೀಸೆಲ್ ಸುಟ್ಟು ಹೋಗುವುದು ಅಲ್ಲೇ.

ಮೊದಲು ಲೆಕ್ಕ. 40 ಅಡಿ ಉದ್ದ, 30 ಅಡಿ ಅಗಲದ ಅಂಗಳ, ಅರ್ಧ ಅಡಿ ಹೂಳು ಅಂದುಕೊಳ್ಳಿ. ಗುಣಿಸಿದರೆ 600 ಘನ ಅಡಿ, ಅಂದರೆ 6 ಬ್ರಾಸ್. ತೂಕ 30 ಟನ್ ಆಸುಪಾಸು. ಕೆದಕಿದ ಮೇಲೆ ಹೂಳು ಉಬ್ಬುವುದರಿಂದ ಒಂದು ಬ್ರಾಸ್ ಹಿಡಿಯುವ ಟ್ರಾಲಿಯಲ್ಲಿ ಏಳೆಂಟು ಟ್ರಿಪ್ ಆಗುತ್ತದೆ. ಅಷ್ಟು ಹಾಕಲು ನಿಮ್ಮ ಹಿತ್ತಲಲ್ಲಿ ಜಾಗ ಇದೆಯಾ? ಇಲ್ಲದಿದ್ದರೆ ಟ್ರಾಲಿ ನಿಲ್ಲುವ ಜಾಗ, ತುಂಬುವವರು, ಒಯ್ದು ಸುರಿಯುವ ಹೊಲ, ಎಲ್ಲ ಮೊದಲೇ ಗೊತ್ತಾಗಬೇಕು.

ಹಾಕಬಾರದ ಜಾಗಗಳು ಹೀಗಿವೆ. ಮನೆ ಗೋಡೆಗೆ ಒತ್ತಿ ಹಾಕಬೇಡಿ. ನೆನೆದ ಗೋಡೆಯ ಮೇಲೆ ಒಂದೇ ಬದಿಯಿಂದ ಭಾರ ಬೀಳುತ್ತದೆ, ಹೂಳಿನ ತೇವ ತಿಂಗಳುಗಟ್ಟಲೆ ಒಳಗೆ ಇಳಿಯುತ್ತದೆ. ಊರ ಚರಂಡಿಗೆ, ಹಳ್ಳಕ್ಕೆ ತಳ್ಳಬೇಡಿ. ಮುಂದಿನ ಮಳೆಗೆ ಅದೇ ನೀರು ಮೇಲಿನ ಓಣಿಯವರ ಮನೆಗೆ ನುಗ್ಗುತ್ತದೆ. ರಸ್ತೆಗಂತೂ ಬೇಡವೇ ಬೇಡ. ಗಿಡದ ಬುಡಕ್ಕೆ ಎರಡಡಿ ಪೇರಿಸಿದರೆ ಬೇರಿಗೆ ಗಾಳಿ ಸಿಗದೆ ಗಿಡ ಒಣಗುತ್ತದೆ.

ಇಳಿಜಾರಿನ ಕೆಳಬದಿ, ಮನೆಯಿಂದ ದೂರ, ಟ್ರ್ಯಾಕ್ಟರ್ ನೇರವಾಗಿ ಹೋಗಿ ನೇರವಾಗಿ ಹಿಂದೆ ಬರುವಂಥ ಜಾಗ ಒಳ್ಳೆಯದು. ಮೊದಲ ಹೂಳನ್ನು ಆ ಜಾಗದ ತೀರಾ ಕೊನೆಗೆ ಒಯ್ಯಿರಿ. ಹತ್ತಿರದಲ್ಲೇ ಗುಡ್ಡೆ ಶುರು ಮಾಡಿದರೆ ಅದು ನಿಮ್ಮ ಕಡೆಗೇ ಬೆಳೆಯುತ್ತಾ ಬಂದು, ಕೊನೆಗೆ ಅರ್ಧ ಅಂಗಳ ಗುಡ್ಡೆಯ ಪಾಲಾಗುತ್ತದೆ.

ಹದ ನೋಡುವುದು

ಎರೆ ಹೊಲ ಮಾಡುವವರಿಗೆ ಹದದ ಬಗ್ಗೆ ಹೇಳಿಕೊಡಬೇಕಿಲ್ಲ. ಆದರೆ ಮನೆ ಮುಂದೆ ರಾಡಿ ನಿಂತಾಗ ಅದೆಲ್ಲ ಮರೆತು ಮೊದಲ ದಿನವೇ ಬ್ಲೇಡ್ ಹಾಕುತ್ತಾರೆ. ಭೀಮಾ ತರುವ ಹೂಳಿನಲ್ಲಿ ಎರೆಮಣ್ಣಿನ ಜಿಗುಟು ಜಾಸ್ತಿ. ತೆಳ್ಳಗಿರುವಾಗ ತಳ್ಳಿದರೆ ಬ್ಲೇಡಿನ ಎರಡೂ ಬದಿಯಿಂದ ಹರಿದು ಹಿಂದೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಬಿರುಕು ಬಿಟ್ಟು ಹೆಂಟೆಗಟ್ಟುತ್ತದೆ, ನೆಲಕ್ಕೆ ಕಚ್ಚಿಕೊಳ್ಳುತ್ತದೆ. ನಡುವೆ ಒಂದು ಹದ ಇದೆ.

ಹೀಗೆ ನೋಡಿ. ಮೇಲಿನ ಕೆನೆ ಸರಿಸಿ ಎರಡು ಮೂರು ಇಂಚು ಕೆಳಗಿನ ಹೂಳು ಒಂದು ಮುಷ್ಟಿ ತೆಗೆದುಕೊಳ್ಳಿ. ಗಟ್ಟಿಯಾಗಿ ಹಿಸುಕಿ. ಬೆರಳ ಸಂದಿನಿಂದ ನೀರು ಜಿನುಗಿದರೆ ಇನ್ನೂ ಬೇಡ. ನೀರು ಬರದೆ ಉಂಡೆ ಆಯಿತು, ಆದರೆ ಕೈ ಬಿಚ್ಚಿದಾಗ ಅಂಗೈಗೆ ಮೆತ್ತಿಕೊಂಡಿತು ಅಂದರೆ ಮತ್ತೊಂದು ಬಿಸಿಲು ಬೇಕು. ಉಂಡೆ ಗಟ್ಟಿ ನಿಂತು, ಅಂಗೈ ಬಹುಪಾಲು ಸ್ವಚ್ಛ ಉಳಿದು, ಸೊಂಟದ ಎತ್ತರದಿಂದ ಕೆಳಗೆ ಬಿಟ್ಟಾಗ ಮೂರು ನಾಲ್ಕು ತುಂಡಾದರೆ ಅದೇ ಹದ. ಆ ದಿನ ಬ್ಲೇಡ್ ಇಳಿಸಿ. ಬಿಸಿಲು, ಗಾಳಿ ನೋಡಿಕೊಂಡು ಇದಕ್ಕೆ ಕೆಲವು ದಿನ ಬೇಕಾಗುತ್ತದೆ. ನೆರಳಿನ ಮೂಲೆ ಇನ್ನೂ ತಡ, ಅದನ್ನು ಬೇರೆಯಾಗಿಯೇ ಪರೀಕ್ಷಿಸಿ.

ಕಾಯುವ ದಿನಗಳಲ್ಲಿ ಕೈ ಕಟ್ಟಿ ಕೂರುವುದು ಬೇಡ. ಇಳಿಜಾರಿನ ಕಡೆಗೆ ಸಲಿಕೆಯಿಂದ ಗೇಣಗಲದ ಕಾಲುವೆ ಮೂರು ನಾಲ್ಕು ತೋಡಿ. ನಿಂತ ನೀರು ಬಸಿದು ಹದ ಬೇಗ ಬರುತ್ತದೆ. ಮನೆ ಒಳಗಿನ ಹೂಳಿಗೆ ಮಾತ್ರ ಹದ ಕಾಯಬೇಡಿ, ಅದನ್ನು ತೆಳ್ಳಗಿರುವಾಗಲೇ ಬಕೆಟ್ಟಿನಲ್ಲಿ, ಸಲಿಕೆಯಲ್ಲಿ ಹೊರಗೆ ಹಾಕುವುದು ಸುಲಭ.

ಟ್ರ್ಯಾಕ್ಟರ್ ಸಜ್ಜು ಮಾಡುವುದು

ನೆರೆಯಲ್ಲಿ ಮುಳುಗಿದ ಟ್ರ್ಯಾಕ್ಟರ್ ಆಗಿದ್ದರೆ ಚಾವಿ ತಿರುಗಿಸಲೇಬೇಡಿ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಂಜಿನ್ ಆಯಿಲ್, ಫಿಲ್ಟರ್, ಡೀಸೆಲ್, ಗೇರ್ ಬಾಕ್ಸ್ ಆಯಿಲ್ ಬದಲಿಸಿದ ಮೇಲೆಯೇ ಮುಂದಿನ ಮಾತು.

ಬ್ಲೇಡಿನಲ್ಲಿ ಎರಡು ಬಗೆ. ಮುಂದೆ ಕಟ್ಟುವ ಡೋಜರ್ ತಳ್ಳುವುದಕ್ಕೆ ಒಳ್ಳೆಯದು, ಡ್ರೈವರಿಗೆ ಕಣ್ಣೆದುರೇ ಕಾಣುತ್ತದೆ. ಹಿಂದೆ ಕಟ್ಟುವ ಬ್ಲೇಡ್ ಎಳೆಯುವುದಕ್ಕೆ ಒಳ್ಳೆಯದು, ಬೆಲೆ ಕಡಿಮೆ. ಮನೆ ಅಂಗಳಕ್ಕೆ ನಾನು ಹಿಂದಿನ ಬ್ಲೇಡನ್ನೇ ಆರಿಸುತ್ತೇನೆ. ಗೋಡೆ ಹತ್ತಿರದ ಹೂಳನ್ನು ಗೋಡೆಯಿಂದ ಆಚೆಗೆ ಎಳೆಯಬಹುದು, ಗೋಡೆ ಕಡೆಗೆ ತಳ್ಳುವ ಪ್ರಸಂಗವೇ ಬರುವುದಿಲ್ಲ.

ಹಿಂದಿನ ಬ್ಲೇಡ್ ಕಟ್ಟಿದಾಗ ಮುಂಭಾಗ ಹಗುರಾಗುತ್ತದೆ, ಬಂಪರಿಗೆ ತೂಕದ ಪ್ಲೇಟ್ ಹಾಕಿ. ಮುಂದಿನ ಡೋಜರ್ ಆದರೆ ಭಾರ ಹಿಂದೆ ಬೇಕು, ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿ. ಗದ್ದೆಯ ಕಬ್ಬಿಣದ ಗಾಲಿ ಹೊಲಕ್ಕೆ ಸರಿ, ಅಂಗಳಕ್ಕೆ ತರಬೇಡಿ. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಒಂದೂ ಉಳಿಯುವುದಿಲ್ಲ.

ಕಟ್ಟುವಾಗ ಎರಡೂ ಕೆಳಗಿನ ಲಿಂಕ್ ಒಂದೇ ಎತ್ತರದಲ್ಲಿರಲಿ. ಸಮತಟ್ಟು ಜಾಗದಲ್ಲಿ ಬ್ಲೇಡ್ ಇಳಿಸಿ ಹಿಂದೆ ನಿಂತು ನೋಡಿ, ಒಂದು ಬದಿಗೆ ಬೆಳಕು ಕಂಡರೆ ಸರಿಯಾಗಿಲ್ಲ. ಬದಿಯ ಚೈನ್ ಬಿಗಿ ಇರಲಿ, ಇಲ್ಲದಿದ್ದರೆ ಬ್ಲೇಡ್ ಅಲ್ಲಾಡುತ್ತದೆ. ಟಾಪ್ ಲಿಂಕಿನ ಉದ್ದ ಬದಲಿಸಿದಂತೆ ಬ್ಲೇಡಿನ ತುಟಿ ನೆಲಕ್ಕೆ ಚುಚ್ಚುವುದೋ ಸವರಿಕೊಂಡು ಹೋಗುವುದೋ ಬದಲಾಗುತ್ತದೆ. ಅಂಗಳಕ್ಕೆ ಸವರುವಂತೆ, ಹೆಂಟೆಗಟ್ಟಿದ ಹೊಲಕ್ಕೆ ಸ್ವಲ್ಪ ಚುಚ್ಚುವಂತೆ ಹೊಂದಿಸಿ.

ಹೈಡ್ರಾಲಿಕ್‌ನ ಎರಡು ಲಿವರಿನಲ್ಲಿ ಈ ಕೆಲಸಕ್ಕೆ ಬೇಕಾದುದು ಪೊಸಿಷನ್ ಲಿವರ್. ನೇಗಿಲು ಹೊಡೆದು ರೂಢಿಯಾದವರು ಡ್ರಾಫ್ಟ್ ಲಿವರಿಗೆ ಕೈ ಹಾಕುತ್ತಾರೆ. ಅದರಲ್ಲಿ ಭಾರ ಹೆಚ್ಚಾದಾಗ ಬ್ಲೇಡ್ ತಾನೇ ಏಳುತ್ತದೆ, ಕಡಿಮೆಯಾದಾಗ ತಾನೇ ಇಳಿಯುತ್ತದೆ. ಅಂಗಳ ಏರುಪೇರಾಗುವುದು ಹಾಗೆಯೇ. ಪೊಸಿಷನ್ ಲಿವರಿನಲ್ಲಿ ನೀವು ಇಟ್ಟ ಎತ್ತರದಲ್ಲೇ ಬ್ಲೇಡ್ ನಿಲ್ಲುತ್ತದೆ.

ಶಹಾಬಾದ್ ಕಲ್ಲು ಹಾಸಿದ ಅಂಗಳಕ್ಕೆ ಒಂದು ಏರ್ಪಾಡು ಮಾಡಿಕೊಳ್ಳಿ. ಕಲ್ಲಿನ ಅಂಚು ಮೇಲೆ ಕೆಳಗೆ ಇದ್ದೇ ಇರುತ್ತದೆ, ಕಬ್ಬಿಣದ ತುಟಿ ಸಿಕ್ಕರೆ ಕಲ್ಲು ಎದ್ದು ಒಡೆಯುತ್ತದೆ. ಹಳೆ ಕನ್ವೇಯರ್ ಬೆಲ್ಟಿನ ಪಟ್ಟಿಯನ್ನು ಬ್ಲೇಡಿನಷ್ಟು ಉದ್ದ ಕತ್ತರಿಸಿ, ಕಬ್ಬಿಣದ ಅಂಚಿಗಿಂತ ಎರಡು ಇಂಚು ಕೆಳಗೆ ಇಳಿಯುವಂತೆ ಬೋಲ್ಟ್ ಹಾಕಿ ಕೂರಿಸಿ. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ ಕಡೆಯ ಗುಜರಿ ಅಂಗಡಿಗಳಲ್ಲಿ ಕೇಳಿ ನೋಡಿ. ರಬ್ಬರ್ ಪಟ್ಟಿ ಕಲ್ಲಿನ ಮೇಲೆ ಬಾಗಿ ದಾಟುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ.

ಬ್ಲೇಡ್ ಇಳಿಸಿದ ಮೇಲೆ

ಮೊದಲು ಗೇಟಿನಿಂದ ಹೂಳು ಹಾಕುವ ಜಾಗದವರೆಗೆ ಒಂದು ದಾರಿ ಬಿಡಿಸಿಕೊಳ್ಳಿ, ಟ್ರ್ಯಾಕ್ಟರಿನ ಒಂದೂವರೆಯಷ್ಟು ಅಗಲ. ಆಮೇಲಿನ ಕೆಲಸವೆಲ್ಲ ಆ ಗಟ್ಟಿ ನೆಲದ ಮೇಲೆ ನಿಂತು ನಡೆಯುತ್ತದೆ, ಗಾಲಿ ಜಾರುವುದಿಲ್ಲ.

ಲೋ ಒಂದು ಅಥವಾ ಎರಡನೇ ಗೇರ್. ಮನುಷ್ಯ ನಡೆಯುವ ವೇಗ ಸಾಕು. ಗೇಣುದ್ದ ಹೂಳಿದ್ದರೂ ಒಂದೇ ಸಲಕ್ಕೆ ನೆಲ ಮುಟ್ಟಲು ಹೋಗಬೇಡಿ. ಮೇಲಿನ ಎರಡು ಮೂರು ಇಂಚು ಮೊದಲು, ಮತ್ತೆ ಎರಡು ಮೂರು ಇಂಚು. ಬ್ಲೇಡ್ ಮುಂದೆ ಹೂಳು ಸುರುಳಿ ಸುತ್ತುತ್ತಾ ತುಂಬಿಕೊಳ್ಳುತ್ತದೆ. ಅದು ಬ್ಲೇಡಿನ ಮೇಲಂಚು ದಾಟಿ ಹಿಂದಕ್ಕೆ ಬೀಳಲು ಶುರುವಾದರೆ ಸಾಕು, ಒಯ್ದು ಹಾಕಿ ಬನ್ನಿ. ಎಂಜಿನ್ ಸದ್ದು ಭಾರವಾಯಿತು, ಹಿಂದಿನ ಗಾಲಿ ಜಾಗದಲ್ಲೇ ತಿರುಗಿತು ಅಂದರೆ ಆಕ್ಸಿಲರೇಟರ್ ಒತ್ತಬೇಡಿ. ಬ್ಲೇಡನ್ನು ಒಂದಿಂಚು ಎತ್ತಿ. ತಿರುಗುವ ಗಾಲಿ ಕೆಳಗೆ ತೋಡುತ್ತಾ ಹೋಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಹಿಂದಿನ ಎರಡೂ ಗಾಲಿ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ನೇರ ಹೋಗುವಾಗ ಮಾತ್ರ ಹಾಕಿ, ತಿರುಗಿಸುವ ಮೊದಲು ಬಿಡಿ.

ಗೋಡೆ ಬದಿಗೆ: ಟ್ರ್ಯಾಕ್ಟರನ್ನು ರಿವರ್ಸ್‌ನಲ್ಲಿ ನಿಧಾನ ತಂದು, ಬ್ಲೇಡ್ ಎತ್ತಿಕೊಂಡೇ ಗೋಡೆಯಿಂದ ಒಂದಡಿ ದೂರ ನಿಲ್ಲಿಸಿ, ಬ್ಲೇಡ್ ಇಳಿಸಿ, ಮುಂದಕ್ಕೆ ಎಳೆಯಿರಿ. ಉಳಿದ ಒಂದಡಿ ಸಲಿಕೆಗೆ ಬಿಡಿ. ಎರಡೂ ಬ್ರೇಕ್ ಪೆಡಲ್ ಜೋಡಿಸಿ ಲಾಕ್ ಮಾಡಿರಬೇಕು. ಒಂದೇ ಬ್ರೇಕ್ ಬಿದ್ದು ಗಾಡಿ ಗೋಡೆ ಕಡೆ ತಿರುಗುವುದು ಕ್ಷಣದ ಕೆಲಸ. ಅಂಗಳ ಉದ್ದವಿದ್ದರೆ ಬ್ಲೇಡನ್ನು ಓರೆ ಮಾಡಿ, ಹೂಳು ಒಂದು ಬದಿಗೆ ಸಾಲಾಗಿ ಬೀಳುತ್ತದೆ. ಆ ಸಾಲನ್ನು ಆಮೇಲೆ ನೇರ ಬ್ಲೇಡಿನಲ್ಲಿ ಒಯ್ಯುವುದು ಸಲೀಸು.

ಸೂಚನೆ ಕೊಡುವವರು ಒಬ್ಬರೇ ಇರಲಿ. ಡ್ರೈವರ್ ಮುಖ ಕಾಣುವ ಕಡೆ, ಬದಿಯಲ್ಲಿ ನಿಲ್ಲಬೇಕು. ಟ್ರ್ಯಾಕ್ಟರ್ ಮತ್ತು ಗೋಡೆ ನಡುವೆ ಯಾರೂ ನಿಲ್ಲಬಾರದು, ಮಕ್ಕಳು ಅಂಗಳದಲ್ಲೇ ಇರಬಾರದು. ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಕೆಲಸ ಮಾಡುವ ರೂಢಿ ಬಿಡಲೇಬೇಕು. ಕೊಟ್ಟಿಗೆ ಒಳಗೆ ಕೆಲಸವಿದ್ದರೆ ಎರಡೂ ಬಾಗಿಲು ತೆರೆದಿಡಿ, ಮುಚ್ಚಿದ ಜಾಗದಲ್ಲಿ ಎಂಜಿನ್ ಹೊಗೆ ಜೀವ ತೆಗೆಯುತ್ತದೆ.

ಟ್ರ್ಯಾಕ್ಟರ್ ಹೂತುಕೊಂಡರೆ ಗಾಲಿ ಮುಂದೆ ಕಟ್ಟಿಗೆ ಕಟ್ಟಿ ಏರಿಸಲು ನೋಡಬೇಡಿ. ಗಾಲಿ ತಿರುಗಲಾಗದೆ ಮುಂಭಾಗ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ, ಡ್ರೈವರಿಗೆ ಹಾರಲೂ ಸಮಯ ಸಿಗುವುದಿಲ್ಲ. ಬ್ಲೇಡ್ ಎತ್ತಿ, ಗಾಲಿಯ ಹಿಂದಿನ ರಾಡಿ ತೋಡಿ, ರಿವರ್ಸ್‌ನಲ್ಲಿ ಬಂದ ದಾರಿಯಲ್ಲೇ ಹೊರಬನ್ನಿ. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ತರಿಸಿ. ಎಳೆಯುವ ಟ್ರ್ಯಾಕ್ಟರಿನಲ್ಲಿ ಚೈನನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದರೆ ಆ ಗಾಡಿಯೂ ಏಳುತ್ತದೆ.

ಒಂದಡಿಗಿಂತ ಜಾಸ್ತಿ ಹೂಳು, ಅದೂ ಇನ್ನೂ ಹಸಿ, ಜೊತೆಗೆ ಕಲ್ಲು ಮರ ಬಂದು ಬಿದ್ದಿದೆ ಅಂದರೆ ಬ್ಲೇಡ್ ಬೇಡ. ಜೆಸಿಬಿಗೇ ಕಾಯಿರಿ. ಆದರೆ ಅದು ಏಳೂವರೆ ಟನ್ನಿನಷ್ಟು ತೂಗುತ್ತದೆ, ಶೌಚಾಲಯದ ಗುಂಡಿ, ಚರಂಡಿ ಕಲ್ಲುಗಳ ಹತ್ತಿರ ಬಿಡಬೇಡಿ.

ಹೊಲದ ಹೂಳು

ಹೊಲದಲ್ಲಿ ಲೆಕ್ಕವೇ ಬೇರೆ. ಒಂದು ಎಕರೆಗೆ 3 ಇಂಚು ಹೂಳು ಅಂದರೆ 109 ಬ್ರಾಸ್ ಹತ್ತಿರ. ಅದನ್ನೆಲ್ಲ ಟ್ರಾಲಿಯಲ್ಲಿ ಹೊರಗೆ ಒಯ್ಯುವುದು ಯಾರ ಕೈಯಲ್ಲೂ ಆಗುವುದಿಲ್ಲ. ಆದ್ದರಿಂದ ಮೊದಲು ಬಂದಿರುವುದು ಏನೆಂದು ನೋಡಿ. ಬೆರಳಲ್ಲಿ ಉಜ್ಜಿದಾಗ ನುಣುಪಾಗಿದ್ದರೆ ಅದು ಗೋಡುಮಣ್ಣು. ಕೆರೆ ಹೂಳನ್ನು ದುಡ್ಡು ಕೊಟ್ಟು ಹೊಲಕ್ಕೆ ಹೊಡೆಸುತ್ತೇವೆ, ಇದು ತಾನೇ ಬಂದಿದೆ. ಎರಡು ಮೂರು ಇಂಚಿನೊಳಗೆ ಇದ್ದರೆ ತೆಗೆಯಬೇಡಿ, ಹದ ಬಂದಾಗ ಆಳವಾಗಿ ನೇಗಿಲು ಹೊಡೆದು ಕೆಳಗಿನ ಮಣ್ಣಿನ ಜೊತೆ ಬೆರೆಸಿ. ಒಂದು ಕಡೆ ಒಂದಡಿ, ಇನ್ನೊಂದು ಕಡೆ ಎರಡಿಂಚು ಹೀಗೆ ಬಿದ್ದಿದ್ದರೆ ಬ್ಲೇಡಿನಲ್ಲಿ ಎಳೆದು ಹರಡಿ, ತಗ್ಗು ತುಂಬಿಸಿ, ಒಡೆದ ಒಡ್ಡಿಗೆ ಹಾಕಿ.

ಒರಟು ಮರಳು ಬಂದಿದ್ದರೆ ಬೆರೆಸಬೇಡಿ. ನೀರು ಹಿಡಿಯುವ ಎರೆಯ ಗುಣವೇ ಹಾಳಾಗುತ್ತದೆ, ಹಿಂಗಾರಿ ಜೋಳ ಆ ತೇವದ ಮೇಲೇ ಬೆಳೆಯುವುದು. ಮರಳನ್ನು ಬ್ಲೇಡಿನಿಂದ ಸಾಲು ಮಾಡಿ ಬದುವಿಗೆ ಎಳೆಯಿರಿ. ಹಸಿ ಎರೆ ಹೊಲದ ಮೇಲೆ ಟ್ರ್ಯಾಕ್ಟರ್ ಎಲ್ಲೆಂದರಲ್ಲಿ ಓಡಾಡಿದರೆ ಕೆಳಗಿನ ಮಣ್ಣು ಬಿಗಿದುಕೊಳ್ಳುತ್ತದೆ, ಹೋಗುವುದು ಬರುವುದು ಒಂದೇ ಜಾಡಿನಲ್ಲಿ ಇರಲಿ. ತೊಗರಿ ನೀರಲ್ಲಿ ನಿಂತು ಸತ್ತ ಹೊಲ ಅಕ್ಟೋಬರ್ ಕೊನೆಯೊಳಗೆ ಹದಕ್ಕೆ ಬಂದರೆ ಕಡಲೆ ಬಿತ್ತಲು ಇನ್ನೂ ಸಮಯ ಇರುತ್ತದೆ. ಕೆಲಸಕ್ಕೆ ಜನ, ಟ್ರ್ಯಾಕ್ಟರ್ ಸಾಲದಿದ್ದರೆ ಅಂಗಳಕ್ಕೆ ದಾರಿ ಮಾತ್ರ ಮಾಡಿಕೊಂಡು ಮೊದಲು ಹೊಲಕ್ಕೆ ಹೋಗಿ ಅಂತಲೇ ನಾನು ಹೇಳುತ್ತೇನೆ.

ಕೆಲಸ ಮುಗಿದ ದಿನವೇ

ಬ್ಲೇಡಿಗೆ ಮೆತ್ತಿದ ಎರೆ ಒಣಗಿದರೆ ಉಳಿ ಹಾಕಿ ಬಡಿಯಬೇಕಾಗುತ್ತದೆ, ಅದೇ ಸಂಜೆ ತೊಳೆಯಿರಿ. ರೇಡಿಯೇಟರ್ ಜಾಲರಿಯಲ್ಲಿ ಸಿಕ್ಕ ಕಸ ತೆಗೆಯಿರಿ. ಮುಂದಿನ ಆಕ್ಸಲ್, ಲಿಂಕಿನ ಪಿನ್ನುಗಳಿಗೆ ಹಳೆ ಗ್ರೀಸ್ ಜೊತೆ ರಾಡಿ ಹೊರಬರುವವರೆಗೆ ಹೊಸ ಗ್ರೀಸ್ ಹೊಡೆಯಿರಿ. ಬ್ಲೇಡಿನ ಅಂಚಿನ ಬೋಲ್ಟ್‌ಗಳನ್ನು ಒಂದೊಂದಾಗಿ ಸ್ಪಾನರ್ ಹಾಕಿ ನೋಡಿ, ಸವೆದಿದ್ದರೆ ಬದಲಿಸಿ. ಬ್ರೇಕ್ ಒತ್ತಿ ನೋಡದೆ ರಸ್ತೆಗೆ ಇಳಿಯಬೇಡಿ, ಡ್ರಮ್ಮಿನಲ್ಲಿ ರಾಡಿ ಸೇರಿದ್ದರೆ ಹಿಡಿತ ಸಿಗುವುದಿಲ್ಲ. ಬ್ಲೇಡನ್ನು ಬಿಚ್ಚಿ ಎರಡು ಕಟ್ಟಿಗೆ ತುಂಡಿನ ಮೇಲೆ ಇಡಿ, ಅಂಚಿಗೆ ಹಳೆ ಎಂಜಿನ್ ಆಯಿಲ್ ಸವರಿ. ಸಣ್ಣ ಗಾಯ ಆಗಿದ್ದವರು ಆಸ್ಪತ್ರೆಗೆ ಹೋಗಿ ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಳ್ಳಲಿ. ಆಮೇಲಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ರಾಡಿಯಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಲಿ.